ಇಂಗುಬಾವಿ ತೋಡಿಸೋಣವೇ, ಕಾವೇರಿಗಾಗಿ ಕಾಯೋಣವೇ? ಸಿಂಗಪುರ ಬೇರ್ಪಡದಿದ್ದರೆ ಎಂಬ ಪ್ರಶ್ನೆಯೊಂದಿಗೆ

ಸಂಘದ ಕಾರ್ಯದರ್ಶಿ:
ಮಾನ್ಯರೇ, ಉದ್ಯಾನದ ಎರಡೂ ಕೊಳವೆಬಾವಿಗಳು ಬತ್ತಿದ್ದು, ಬಡಾವಣೆ ಈಗ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿದೆ. ಮುಂಗಾರಿಗೆ ಮೊದಲೇ ಇಂಗುಬಾವಿಗಳನ್ನು ತೋಡಿಸಿ, ಮೂರನೇ ಅಡ್ಡರಸ್ತೆಯ ಮಳೆನೀರನ್ನು ಅವುಗಳಿಗೆ ಹಾಯಿಸುವ ಪ್ರಸ್ತಾವ ನಮ್ಮ ಮುಂದಿದೆ. ಕಾವೇರಿ ಸಂಪರ್ಕ ಬರಲಿ, ಅಲ್ಲಿಯವರೆಗೆ ಖರ್ಚು ಬೇಡ ಎಂಬ ಅಭಿಪ್ರಾಯವೂ ಇದೆ. ತನ್ನ ನದಿಯನ್ನು ಶುದ್ಧಮಾಡಿ ತನ್ನ ನೀರನ್ನೇ ಬಳಸಿಕೊಂಡ ಸಿಂಗಪುರದ ಉದಾಹರಣೆ ಕೊಟ್ಟವರಿಗೆ, ಅದು ಶ್ರೀಮಂತ ಬಂದರು, ನಮಗೆ ಆ ಹೋಲಿಕೆ ಸಲ್ಲದು ಎಂಬ ಉತ್ತರ ಬಂದಿದೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ (ನಿವೃತ್ತ ಇತಿಹಾಸ ಉಪನ್ಯಾಸಕರು):
ಕಾರ್ಯದರ್ಶಿಗಳೇ, ಸಿಂಗಪುರದಲ್ಲಿ ಹಣಕ್ಕೆ ಬ್ರಿಟಿಷರ ಕಾಲದಿಂದಲೂ ಕೊರತೆಯಿರಲಿಲ್ಲ. 1819ರಿಂದ ಅದು ಸುಂಕವಿಲ್ಲದ ಬಂದರು. ಆದರೂ ಅದರ ನದಿ 1970ರ ದಶಕದಲ್ಲಿಯೂ ಗಬ್ಬು ನಾರುತ್ತಿತ್ತು. ಆದ್ದರಿಂದ ನೀರಿನಲ್ಲಿ ಅದು ಸಾಧಿಸಿದ್ದನ್ನು ಸಿರಿವಂತಿಕೆಯೊಂದರಿಂದಲೇ ವಿವರಿಸಲಾಗದು.

1963ರ ಸೆಪ್ಟೆಂಬರ್ 16ರಂದು ಮಲೇಷ್ಯಾ ಒಕ್ಕೂಟವನ್ನು ಸೇರಿದ ಸಿಂಗಪುರ, 1965ರ ಆಗಸ್ಟ್ 9ರಂದು ಹೊರಬೀಳದೆ ಅಲ್ಲಿಯೇ ಒಂದು ರಾಜ್ಯವಾಗಿ ಉಳಿದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡಿ. ಬಂದರು ಬಹುಶಃ ಬೆಳೆಯುತ್ತಲೇ ಇರುತ್ತಿತ್ತು, ಮಲಾಕ್ಕಾ ಜಲಸಂಧಿಯ ಬಾಯಲ್ಲಿರುವ ಊರಿಗೆ ಹಡಗುಗಳು ಬರದೆ ಇರುವುದಿಲ್ಲ. ಆದರೆ ನೀರು ಮನೆಯೊಳಗಿನ ಮಾತಾಗುತ್ತಿತ್ತು: ಕೊರತೆ ಬಿದ್ದಾಗ ಕ್ವಾಲಾಲಂಪುರಕ್ಕೆ ಒಂದು ಮನವಿ, ನೆರೆಯ ಮಲೇಷ್ಯಾ ರಾಜ್ಯ ಜೊಹೋರ್‌ನಿಂದ ಇನ್ನೊಂದು ಕೊಳವೆ ಮಾರ್ಗ. ನದಿಯ ಗೊಡವೆಗೆ ಹೋಗುವ ತುರ್ತು ಯಾರಿಗಿರುತ್ತಿತ್ತು? ನಿಜವಾಗಿ ನಡೆದದ್ದೇ ಬೇರೆ. ಬೇರ್ಪಟ್ಟ ದಿನವೇ ಜೊಹೋರ್‌ನಿಂದ ಬರುತ್ತಿದ್ದ ನೀರು ಪರದೇಶದ್ದಾಯಿತು. ದಿನಕ್ಕೆ 25 ಕೋಟಿ ಗ್ಯಾಲನ್ ಕೊಡುವ 1962ರ ಒಪ್ಪಂದಕ್ಕೆ 2061 ಎಂಬ ಕೊನೆಯ ವರ್ಷವೂ ಇತ್ತು. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಹತ್ತು ವರ್ಷದೊಳಗೆ ನದಿ ಶುದ್ಧವಾಗಬೇಕೆಂದು ಗಡುವು ಕೊಟ್ಟರು, 1987ರ ಹೊತ್ತಿಗೆ ಆ ಕೆಲಸ ಮುಗಿಯಿತು. 2003ರಲ್ಲಿ ಬಳಸಿದ ನೀರನ್ನೇ ಶುದ್ಧೀಕರಿಸಿ ಕುಡಿಯುವ ನೀರಿಗೆ ಬೆರೆಸತೊಡಗಿದರು. 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿ, ಅದೇ ನದಿ ಸಮುದ್ರ ಸೇರುವೆಡೆಯನ್ನು ಜಲಾಶಯವಾಗಿಸಿದರು.

ಬೇರ್ಪಡದೆ ಉಳಿದ ಸಿಂಗಪುರವನ್ನು ಊಹಿಸಲು ದೂರ ಹೋಗಬೇಕಿಲ್ಲ. ನೀರಿನ ಮಟ್ಟಿಗೆ ಅದು ನಮ್ಮ ಬೆಂಗಳೂರು. ರಾಜಧಾನಿಯೆಂಬ ಬಲದಿಂದ ನಮಗೆ 1974ರಲ್ಲಿ ಕಾವೇರಿಯ ಮೊದಲ ಹಂತ ಸಿಕ್ಕಿತು, 2024ರಲ್ಲಿ ದಿನಕ್ಕೆ 77.5 ಕೋಟಿ ಲೀಟರ್‌ನ ಐದನೇ ಹಂತವೂ ಸಿಕ್ಕಿತು. ಕಾವೇರಿ ನೀರಿನ ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ನೀರನ್ನು ಮೇಲೆತ್ತಿ ತರುವ ನಾವು, ನಮ್ಮದೇ ಮಳೆಯನ್ನು ರಾಜಕಾಲುವೆಗೆ ಬಿಡುತ್ತಿದ್ದೇವೆ. ಈ ಊರಿನ ಸರಾಸರಿ ಮಳೆಯ ಲೆಕ್ಕದಲ್ಲಿ 30×40 ಅಡಿಯ ಒಂದೊಂದು ನಿವೇಶನದ ಮೇಲೂ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಬೀಳುತ್ತದೆ. ಇದನ್ನು ಕಂಡೂ ಸುಮ್ಮನಿರುವುದು ನನಗೆ ಸಂಕಟದ ವಿಷಯ.

ಮೂರನೇ ಅಡ್ಡರಸ್ತೆಯ ನಿವಾಸಿ:
ಮೇಷ್ಟ್ರೇ, ಪ್ರಸ್ತಾವಕ್ಕೆ ನನ್ನ ಬೆಂಬಲವಿದೆ, ಆದರೆ ನಿಮ್ಮ ಊಹೆಯನ್ನು ಪೂರ್ತಿ ಒಪ್ಪಲಾರೆ. ಸಿಂಗಪುರದಲ್ಲಿ ನೀರಿನ ಪಡಿತರ ಜಾರಿಯಲ್ಲಿದ್ದದ್ದು 1963–64ರಲ್ಲಿ. ನೀರಿನ ಹೊಣೆ ಹೊತ್ತ ಮಂಡಳಿ ಸ್ಥಾಪನೆಯಾದದ್ದೂ 1963ರಲ್ಲೇ. ಅಂದಮೇಲೆ ಆತಂಕ ಬೇರ್ಪಡುವ ಮೊದಲೇ ಹುಟ್ಟಿತ್ತು. ಅಲ್ಲದೆ ನದಿ ಶುದ್ಧವಾಗುವಾಗ ದಡದ ಸಾವಿರಾರು ಕುಟುಂಬಗಳನ್ನೂ ಬೀದಿ ವ್ಯಾಪಾರಿಗಳನ್ನೂ ಬೇರೆಡೆಗೆ ಸಾಗಿಸಲಾಯಿತು. ನಮ್ಮ ಚರಂಡಿಯ ಪಕ್ಕ ಸೊಪ್ಪಿನ ಗಾಡಿ ನಿಲ್ಲಿಸುವ ಅಮ್ಮನವರ ಜಾಗಕ್ಕೆ ಧಕ್ಕೆಯಾಗಕೂಡದೆಂದು ಠರಾವಿನಲ್ಲೇ ಬರೆಯಬೇಕು.

ಇನ್ನೊಂದು ಮುಖ್ಯ ಸಂಗತಿ. ನಮ್ಮ ಮನೆಯೆದುರಿನ ಮಳೆನೀರು ಚರಂಡಿಯ ಚಪ್ಪಡಿ ಎತ್ತಿಸಿ ನೋಡಿದೆ. ಮಳೆಯಿಲ್ಲದ ದಿನವೂ ಅಲ್ಲಿ ಜಿಡ್ಡುಗಟ್ಟಿದ ಕಪ್ಪು ನೀರು, ಅದರ ಮೇಲೆ ಅನ್ನದ ಅಗುಳು ತೇಲುತ್ತಿತ್ತು. ಯಾವುದೋ ಅಡುಗೆಮನೆಯ ಪೈಪು ಚರಂಡಿಗೆ ಸೇರಿದೆ. ಅದನ್ನು ಮುಚ್ಚಿಸದೆ ರಸ್ತೆಯ ನೀರನ್ನು ಇಂಗುಬಾವಿಗೆ ಬಿಟ್ಟರೆ ಅಂತರ್ಜಲವನ್ನೇ ಕೆಡಿಸಿದಂತಾಗುತ್ತದೆ. ಮೊದಲು ತಾರಸಿಯ ನೀರು ಮಾತ್ರ ಸಾಕು.

ನಾಲ್ಕನೇ ಅಡ್ಡರಸ್ತೆಯ ನಿವಾಸಿ:
ಆತಂಕ ಮೊದಲೇ ಇತ್ತು ಎಂಬುದು ಸರಿ, ಮೇಡಂ. ಆದರೆ 1961 ಮತ್ತು 1962ರ ಒಪ್ಪಂದಗಳೆರಡೂ ಜೊಹೋರ್‌ನ ನೀರಿಗಾಗಿಯೇ ಆದವು. ಆಗಿನ್ನೂ ಅವರ ಕಣ್ಣು ಆಚೆ ದಡದ ಮೇಲಿತ್ತು. ಗಾಡಿಯವರ ಜಾಗದ ವಿಚಾರಕ್ಕೂ ಪೈಪಿನ ವಿಚಾರಕ್ಕೂ ನನ್ನ ಪೂರ್ಣ ಒಪ್ಪಿಗೆಯಿದೆ.

ಸಂಘದ ಕಾರ್ಯದರ್ಶಿ:
ಹಾಗಾದರೆ ಠರಾವಿನ ಕರಡು ಹೀಗಿರಲಿ: ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಎರಡು ಇಂಗುಬಾವಿಗಳಿಗೆ ಸಿಮೆಂಟ್ ರಿಂಗ್ ಇಳಿಸಿ, ಸದ್ಯ ಸುತ್ತಲಿನ ಮನೆಗಳ ತಾರಸಿ ನೀರನ್ನು ಮಾತ್ರ ಹಾಯಿಸುವುದು; ಚರಂಡಿಗೆ ಸೇರಿದ ಪೈಪುಗಳನ್ನು ಪತ್ತೆಹಚ್ಚಿ ಮುಚ್ಚಿಸಿದ ಮೇಲೆ ರಸ್ತೆಯ ನೀರಿನ ವಿಚಾರ ಮಾಡುವುದು; ಸೊಪ್ಪಿನ ಗಾಡಿಯ ಜಾಗವನ್ನು ಹಾಗೆಯೇ ಉಳಿಸುವುದು. ಭಾನುವಾರ ಬೆಳಿಗ್ಗೆ 7 ಗಂಟೆಗೆ ಉದ್ಯಾನದ ಬಳಿ ಸೇರಿ ಚಪ್ಪಡಿಗಳನ್ನು ಎತ್ತಿಸಿ ನೋಡೋಣ. ಬಾವಿ ತೋಡುವವರಿಗೂ ಅದೇ ಹೊತ್ತಿಗೆ ಬರಲು ಹೇಳಿದ್ದೇನೆ.