ಸಹಾಯ ಬೇಕು: ಮಗುವಿನ ಸಾಮಾನಿಗೆ ಬೆನ್ನಿಗೆ ಹಾಕುವ ಬ್ಯಾಗ್ ಯಾವುದು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು, ಮಗಳಿಗೆ ಈಗ ಏಳು ತಿಂಗಳು. ನನ್ನ ತವರು ಬೆಂಗಳೂರು, ಹಾಗಾಗಿ ರೈಲಿನ ಓಡಾಟ ಜಾಸ್ತಿ. ದೂರ ಸುಮಾರು 70 ಕಿಲೋಮೀಟರ್ ಅಷ್ಟೇ, ಆದರೆ ಬೆಳಗಿನ ರೈಲಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಮಗುವನ್ನು ಎತ್ತಿಕೊಂಡಾಗ ಒಂದು ಹೆಗಲಿನ ಚೀಲ ಜಾರುತ್ತಲೇ ಇರುತ್ತದೆ. ಅದಕ್ಕೇ ಬೆನ್ನಿಗೆ ಹಾಕುವುದೇ ಬೇಕು.

ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಒಂದು ನೋಡಿದೆ. ಬಣ್ಣ ಚೆನ್ನಾಗಿದೆ, ಆದರೆ ಬಾಯಿ ಚಿಕ್ಕದು. ತಳದಲ್ಲಿರುವ ಡೈಪರ್ ತೆಗೆಯಬೇಕಾದರೆ ಮೇಲಿನ ಬಟ್ಟೆ, ರಾಗಿ ಸರಿ ಡಬ್ಬಿ ಎಲ್ಲಾ ಹೊರಗೆ ಬರಬೇಕು. ಬಾಯಿ ಪೂರ್ತಿ ಅಗಲವಾಗಿ ತೆರೆಯುವುದು, ಇಲ್ಲ ಹಿಂದುಗಡೆ ಇನ್ನೊಂದು ಜಿಪ್ ಇರುವುದು ವಾಸಿ ಅಲ್ವಾ?

ಬಿಸಿನೀರಿನ ಫ್ಲಾಸ್ಕ್ ನೆಟ್ಟಗೆ ನಿಲ್ಲಬೇಕು. ಒದ್ದೆ ಬಟ್ಟೆಗೆ ಬೇರೆ ಪಾಕೆಟ್ ಬೇಕೇ ಬೇಕು. ಚಾರ್ಜರ್ ತೂತು ಗೀತು ನನಗೆ ಬೇಡ, ಸುಮ್ನೆ ಬೆಲೆ ಜಾಸ್ತಿ. ಖಾಲಿ ಬ್ಯಾಗೇ ಭಾರ ಇದ್ದರೂ ಕಷ್ಟ.

1,500 ರೂಪಾಯಿ ಒಳಗೆ ಸಿಗುತ್ತದೆಯೇ? ಬಳಸುತ್ತಿರುವವರು ದಯವಿಟ್ಟು ಹೇಳಿ: ಪಟ್ಟಿಯ ಹೊಲಿಗೆ ಬಾಳಿಕೆ ಬಂತಾ? ಒಳಗೆ ಹಾಲು ಚೆಲ್ಲಿದರೆ ತೊಳೆದಾಗ ವಾಸನೆ ಹೋಗುತ್ತದಾ?