ಸಹಾಯ ಬೇಕು: ಆಟದಲ್ಲಿ ಸೊಪ್ಪು ಮಾರುವ ಮಕ್ಕಳು ಊಟದಲ್ಲಿ ಮುಟ್ಟುತ್ತಿಲ್ಲ

ನಮಸ್ಕಾರ. ಮೈಸೂರಿನಲ್ಲಿ ಪುಟ್ಟ ಶಿಶುವಿಹಾರ ನಡೆಸುತ್ತಿದ್ದೇನೆ. ಮೂರರಿಂದ ಐದು ವರ್ಷದ 12 ಮಕ್ಕಳಿದ್ದಾರೆ. ಹೋದ ತಿಂಗಳು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದೆವು. ಸೊಪ್ಪಿನ ಅಜ್ಜಿ ಒಬ್ಬೊಬ್ಬರ ಕೈಗೂ ಒಂದು ಕಡ್ಡಿ ಕೊತ್ತಂಬರಿ ಕೊಟ್ಟರು, ಮಕ್ಕಳು ದಾರಿಯುದ್ದಕ್ಕೂ ಮೂಸುತ್ತಲೇ ಬಂದರು. ಮರುದಿನದಿಂದ ತರಗತಿಯಲ್ಲೇ ಸಂತೆ ಶುರು. ಜೇಡಿಮಣ್ಣಿನ ಬದನೆಕಾಯಿ, ಬಟ್ಟೆಯ ಪಾಲಕ್, ತೆಂಗಿನ ಚಿಪ್ಪಿನ ತಕ್ಕಡಿ. "ದಂಟಿನ ಸೊಪ್ಪೂ..." ಅಂತ ರಾಗವಾಗಿ ಕೂಗುವುದನ್ನು ಕೇಳಿದರೆ ತುಂಬಾ ಖುಷಿಯಾಗುತ್ತದೆ.

ಆದರೆ ಅದೇ ಮಗು ಊಟಕ್ಕೆ ಕೂತರೆ ಬಸ್ಸಾರಿನ ಪಲ್ಯದಿಂದ ಒಂದೊಂದೇ ಎಲೆ ಹೆಕ್ಕಿ ತಟ್ಟೆಯ ಅಂಚಿಗೆ ಇಡುತ್ತದೆ. ಬಲವಂತ ಮಾಡಿಲ್ಲ, ಮಾಡುವುದೂ ಇಲ್ಲ. ಕುಂಡದಲ್ಲಿ ಮೆಂತ್ಯ ಬೆಳೆಸಿದೆವು. ಆಸೆಯಿಂದ ಕಿತ್ತರು, ತಿನ್ನಲಿಲ್ಲ. ಮೆಂತ್ಯ ಕಹಿ ಅಲ್ವಾ, ಅದಕ್ಕೂ ಇರಬಹುದು.

ನನಗೆ ಗೊತ್ತಾಗದೆ ಇರುವುದು ಇದು. ಆಟದ ಅಡುಗೆಮನೆಯಿಂದ ಮಣ್ಣಿನ ತರಕಾರಿ ತೆಗೆದು, ನಿಜವಾದ ಸೊಪ್ಪನ್ನೇ ಇಟ್ಟು, ಅವರ ಕೈಯಲ್ಲೇ ಬಿಡಿಸಿ ತೊಳೆಸಿ, ಮಧ್ಯಾಹ್ನ ಅದನ್ನೇ ಬೇಯಿಸಿ ಬಡಿಸಿದರೆ ಉಪಯೋಗವಾಗುತ್ತದಾ? ಅಥವಾ ಊಟದ ಪದಾರ್ಥವನ್ನೂ ಆಟದ ಸಾಮಾನು ಅಂದುಕೊಂಡುಬಿಡುತ್ತಾರಾ? ಈ ವಯಸ್ಸಿನ ಮಕ್ಕಳ ಜೊತೆ ಮಾಡಿ ನೋಡಿದವರು, ಯಾವ ಸೊಪ್ಪಿನಿಂದ ಶುರು ಮಾಡಿದಿರಿ ಅಂತ ಹೇಳ್ತೀರಾ?