ಸಹಾಯ ಬೇಕು: ಲೇಖಕಿಯ ವೆಬ್‌ಸೈಟ್, ಹಳೇ ನುಡಿ ಫೈಲುಗಳ ಗೋಳು

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರ ಕಥೆಗಳಿಗಾಗಿ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡುತ್ತಿದ್ದೇನೆ. ಹಳೆಯ ಕಥೆಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿವೆ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೊಡುವ ಹಳೇ ಪದ್ಧತಿ). ಪೇಸ್ಟ್ ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಬದಲಿಸಿದರೆ ‘ಸೂರ್ಯ’, ‘ಮಾರ್ಗ’ದಂಥ ಕಡೆ ಅರ್ಕಾವತ್ತು ಜಾಗ ತಪ್ಪುತ್ತಿದೆ. ಸುಮ್ನೆ ಪುಟಗಳ ಫೋಟೋ ಹಾಕಿಬಿಡಿ ಎಂದರು ಒಬ್ಬರು. ಆಮೇಲೆ ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಮೊಬೈಲಿನಲ್ಲಿ ಓದುವುದೂ ಕಷ್ಟ, ಅಲ್ವಾ?

ಅರ್ಕಾವತ್ತು ಕೆಡಿಸದ ಪರಿವರ್ತಕ ಯಾವುದಿದೆ?

ಇನ್ನೊಂದು ವಿಷಯ. ಮೊದಲ ಪುಟದಲ್ಲಿ ಒಂದು ಪೂರ್ತಿ ಕಥೆ, ಪುಸ್ತಕ ಕೊಳ್ಳುವ ಲಿಂಕ್, ಇಮೇಲ್ ಇದ್ದರೆ ಸಾಕು ಅಂತ ನನ್ನ ಲೆಕ್ಕ. ಅತ್ತೆಗೆ ಸನ್ಮಾನದ ಫೋಟೋಗಳೇ ಮೊದಲು ಬರಬೇಕಂತೆ (ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ). ಓದುಗರಾಗಿ ನಿಮಗೆ ಮೊದಲು ಏನು ಕಾಣಬೇಕು, ಹೇಳಿ. ಅವರಿಗೆ ತೋರಿಸುತ್ತೇನೆ.